ಆರದ ಗಾಯದ ವರದಿ

ದಕ್ಕೆಯಲ್ಲಿ ಏಲಂ ಮುಗಿದು ಐಸಿನ ನೀರು ಸೋರುತ್ತ
ಲಾರಿಗಳು ಹೊರಟ ಹೊತ್ತಿಗೆ
ನಾನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ಒಳಗೆ
ಜ್ವರವಿಲ್ಲದ ಮೈಯಷ್ಟು ಬೆಚ್ಚಗೆ.

ಗಂಜಿತಿಳಿ ಬಣ್ಣದ ತಟ್ಟೆ. ಅದರ ಮೇಲೆ
ರಾತ್ರಿಯಿಡೀ ಹಬ್ಬಿದ ಕ್ಲೆಬ್ಸಿಯೆಲ್ಲಾ;
ತಂತಿ ತಾಗಿಸಿ ಎತ್ತಿದರೆ ಬಸಳೆಯ ಲೋಳೆಯಂತೆ
ಎಳೆಯಾಗಿ ಬರುತ್ತದೆ, ಬಿಡುವುದಿಲ್ಲ.
ಮದ್ದಿನ ಬಿಲ್ಲೆ ಇಟ್ಟಿದ್ದೆ. ಸುತ್ತ
ಮಳೆಗೆ ಮುಂಚೆ ಚಂದ್ರನಿಗೆ ಬಳೆ ಕಟ್ಟುವಂತೆ
ಬೋಳು ಉಂಗುರ ಮೂಡಬೇಕಿತ್ತು.
ಮೂಡಲಿಲ್ಲ. ಬಿಲ್ಲೆಯ ಅಂಚಿಗೇ ಬೆನ್ನು ಕೊಟ್ಟು
ಕೂತಿದ್ದವು, ಜಗಲಿಗೆ ಬಂದ ನೆಂಟರ ಹಾಗೆ.

ವರದಿಯಲ್ಲಿ ಮೇಲಿಂದ ಕೆಳಗೆ ಒಂದೇ ಅಕ್ಷರ:
ಆರ್, ಆರ್, ಆರ್, ಆರ್.
ಹದಿನಾಲ್ಕು ಮದ್ದಿಗೆ ಹದಿನಾಲ್ಕು ಆರ್.
ಗಾಯ ಮಾತ್ರ ಆರದು.

ಗಾಯ ಲೋಕಯ್ಯ ಕಾಂಚನ್ನರದು. ಬಲೆ ಹೊಲಿಯುವವರು.
ಬೋಟಿನ ಅಡಿಯಲ್ಲಿ ಸತ್ತೇ ಹೋಗಿದೆಯೆಂದುಕೊಂಡ ತೊರಕೆ
ಬಾಲದ ಮುಳ್ಳನ್ನು ಪಾದಕ್ಕೆ ಇಳಿಸಿತು.
ಮುಳ್ಳು ಸಮುದ್ರದ್ದು. ಈ ಕ್ರಿಮಿ ನಮ್ಮದು,
ವಾರ್ಡಿನಲ್ಲಿ ತೊಳೆಯದ ಯಾವುದೋ ಕೈಯ
ಅವಸರದಲ್ಲಿ ಬಂದದ್ದು.
ಅದನ್ನು ಬರೆಯಲು ವರದಿಯಲ್ಲಿ ಜಾಗವಿಲ್ಲ.

"ಎಂತ ಮಾರಾಯ್ತಿ, ಸಾಯ್ಲಿಲ್ವಾ ಅದು?"

ಅವು ಕಲಿಯುತ್ತವೆ ಲೋಕಯ್ಯಣ್ಣ, ಎಂದೆ.
ಐದು ದಿನದ ಮಾತ್ರೆ ಎರಡೇ ದಿನ ನುಂಗಿ ಬಿಟ್ಟರೆ
ಉಳಿದ ನಾಲ್ಕು ಕಲಿಯುತ್ತವೆ.
ಕಲಿತದ್ದನ್ನು ಆಚೆಮನೆಗೆ ದಾಟಿಸುತ್ತವೆ,
ಕಂಪೌಂಡಿನ ಮೇಲಿಂದ ಹೆಪ್ಪಿಗೆಂದು
ಒಂದು ಚಮಚ ಮೊಸರು ಕೊಟ್ಟ ಹಾಗೆ.
ಜಾತಿ ಕೇಳುವುದಿಲ್ಲ. ಕೇಳುವವರು ನಾವು.

ಅವರು ಡ್ರಿಪ್ಪಿನ ನಳಿಗೆಯ ಮೇಲೆ ಬೆರಳಾಡಿಸುತ್ತ,
ಗಂಟು ಎಲ್ಲಿ ಹಾಕಬಹುದೆಂದು ಹುಡುಕುವವರಂತೆ,
"ಬಲೆಯ ಕಣ್ಣು ಮೀನಿಗೆ ಬಾಯಿಪಾಠವಾದ್ರೆ
ಹೊಸತಕ್ಕೆ ದುಡ್ಡು ಎಲ್ಲಿಂದ?
ಎರಡು ಹರ್ಕು ಬಲೆ ಒಂದರ ಮೇಲೊಂದು ಬಿಡುದು.
ಇದರ ತೂತು ಅದು ಕಾಯ್ತದೆ."
ಹೇಳಿ ಗೋಡೆಗೆ ತಿರುಗಿದರು. ನೂರಮೂರು ಜ್ವರ.

ಅವರ ಮಾತಿನಿಂದಲ್ಲ, ಪೈಸ್ ಮೇಡಂ ಕಳಿಸಿದ ಚೀಟಿಯಿಂದ
ಆ ರಾತ್ರಿ ಇನ್ನೊಂದು ತಟ್ಟೆ ಹಾಕಿದೆ:
ಸೋತ ಎರಡು ಮದ್ದು, ಅಕ್ಕಪಕ್ಕ,
ನಡುವೆ ಒಂದು ಹೆಬ್ಬೆರಳಿನ ಅಂತರ.

ಬೆಳಗ್ಗೆ ನೋಡಿದರೆ ಎರಡೂ ಹೊರಬದಿಗೆ ಸೋತೇ ಇದ್ದವು.
ಒಂದನ್ನೊಂದು ನೋಡುವ ಬದಿಯಲ್ಲಿ ಮಾತ್ರ
ಹಳೇ ಪೆಟ್ಟಿಗೆಯ ಬೀಗದ ಕಿಂಡಿಯ ಆಕಾರಕ್ಕೆ
ಬರಿದಾಗಿತ್ತು.
ಗಾಜು ತೊಳೆಯುವ ಝುಲೇಖ ಹೆಗಲ ಮೇಲಿಂದ ಇಣುಕಿ
"ತಟ್ಟೆ ಹಾಳಾಯ್ತಾ ಅಕ್ಕ?" ಎಂದಳು.
ಹೌದು ಮಾರಾಯ್ತಿ, ಸರಿಯಾಗಿ ಹಾಳಾಗಿದೆ.

ಒಂದು ಬಾಟಲಿಗೆ ಎಷ್ಟು ಬುಟ್ಟಿ ಬೂತಾಯಿ ಎಂದು
ಅವರ ಮಗಳು ಕಾರಿಡಾರಿನಲ್ಲಿ ಲೆಕ್ಕ ಹಾಕಿದಳು,
ಅಳಿಸಿದಳು, ಮತ್ತೆ ಹಾಕಿದಳು.
ಐದನೇ ದಿನ ಜ್ವರ ಇಳಿಯಿತು.
ಎರಡು ಕಾಲ್ಬೆರಳು ಹೋದವು.
ಬಲೆಗೆ ಬೇಕಾದದ್ದು ಕೈಬೆರಳು, ಎಂದರು ಅವರು.

ಗೆದ್ದೆವು ಎನ್ನಲೇ?
ಆ ಬರಿದಾದ ಕಿಂಡಿಯೊಳಗೆ, ಅಂಚಿಗೆ ಸರಿದು,
ಸಾಸಿವೆಗಿಂತ ಸಣ್ಣ ಒಂದು ಚುಕ್ಕೆ ಇತ್ತು.
ಅದನ್ನೂ ಬರೆದೆ.

ಬೋಳಾರದ ಮನೆಯಲ್ಲಿ, ಫ್ರಿಜ್ಜಿನ ಮೇಲೆ,
ಬಿಸ್ಕತ್ತಿನ ಡಬ್ಬಿ: ಕತ್ತರಿಯಲ್ಲಿ ತುಂಡರಿಸಿದ,
ಹೆಸರು ಅರ್ಧಕ್ಕೆ ಹೋದ ಮಾತ್ರೆಯ ಪಟ್ಟಿಗಳು.
ಮಗಳ ಕೆಮ್ಮು ಎರಡು, ಇವರ ಹಲ್ಲು ಮೂರು,
ಯಾವುದಕ್ಕೆಂದು ಮರೆತ ನನ್ನದು ಒಂದೂವರೆ.
ತಟ್ಟೆಯ ಮುಂದೆ ಇಪ್ಪತ್ತು ವರ್ಷ ಕೂತವಳ ಮನೆ ಇದು.
ಮೋರಿಗೆ ಹಾಕಿದರೆ ನೇತ್ರಾವತಿಗೆ ಪಾಠ.
ಟಿಫಿನ್ ಕ್ಯಾರಿಯರಿನ ಕೆಳಗಿನ ಡಬ್ಬಿಗೆ ತುಂಬಿದೆ,
ಲ್ಯಾಬಿನ ಹಳದಿ ಚೀಲಕ್ಕೆಂದು.

ಬಸ್ಸಿನಲ್ಲಿ ಪಕ್ಕದ ಹೆಂಗಸು ಕೇಳಿದಳು,
"ಇವತ್ತೆಂತ ಪದಾರ್ಥ?"
ಮಡಿಲಲ್ಲಿ ಕ್ಯಾರಿಯರ್ ಗಲಗಲ ಅಂದಿತು.
ಹಳತು, ಎಂದೆ.